ಚೌಕಾಬಾರದ ಒಂದು ದಿನ

ನಮ್ಮ ಮಕ್ಕಳು ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಕಲಿಯುತ್ತಾರೆ. ಮಗಳಿಗೆ ಹತ್ತು, ಮಗನಿಗೆ ಏಳು. ಇದು ಗೊತ್ತಾದವರು ಮೊದಲು ವಿಚಾರಿಸುವುದು, ‘ಪಾಠ ಎಷ್ಟು ಗಂಟೆಗೆ ಶುರು?’ ಎಂದು. ಗಂಟೆ ಹೇಳಬಹುದಾದ ದಿನಗಳೂ ನಮ್ಮಲ್ಲಿವೆ. ಆದರೆ ನನಗೆ ಹೇಳಬೇಕೆನಿಸುವುದು ಚೌಕಾಬಾರ ಆಡುವ ದಿನಗಳ ಸಂಗತಿ.

ಆಷಾಢದಲ್ಲಿ ಮೈಸೂರಿನ ಮಳೆ ಬಿರುಸಾಗಿ ಸುರಿಯುವುದಕ್ಕಿಂತ ಜಿನುಗುವುದೇ ಹೆಚ್ಚು. ಅಂಥ ಬೆಳಿಗ್ಗೆ ಅವಲಕ್ಕಿ ಒಗ್ಗರಣೆ ತಿಂದು ನಾವು ಕೈ ತೊಳೆಯುವಷ್ಟರಲ್ಲಿ ಮಗ ಸೀಮೆಸುಣ್ಣ ಹಿಡಿದು ಹಜಾರದ ಕೆಂಪು ನೆಲದ ಮೇಲೆ ಕೂತಿರುತ್ತಾನೆ. ಅಡ್ಡಕ್ಕೆ ಆರು ಗೆರೆ, ಉದ್ದಕ್ಕೆ ಆರು ಗೆರೆ, ಒಟ್ಟು 25 ಮನೆ. ನಾಲ್ಕು ಹುಣಸೆ ಬೀಜಗಳ ಒಂದೊಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡುವ ಕೆಲಸ ಮಗಳದ್ದು. ಎಷ್ಟು ಬೀಜ ಬೆಳ್ಳಗೆ ಬಿದ್ದರೆ ಅಷ್ಟು ಮನೆ ನಡೆ. ನಾಲ್ಕೂ ಕಪ್ಪಾಗಿ ಬಿದ್ದರೆ ಎಂಟು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ನಡುವಿನ ಮನೆ ಸೇರಿದ ಕಾಯಿ ಹಣ್ಣಾಯಿತು.

ಗೆಲ್ಲುವವರು ಹೆಚ್ಚಾಗಿ ನಮ್ಮತ್ತೆ. ಒಂದು ದಿನ ಮೊಮ್ಮಗನ ಕಾಯಿ ಮೂರನೇ ಸಲ ಕಡಿದುಹೋದಾಗ ಅವರು ಮೆಲ್ಲಗೆ ಗುಟ್ಟು ಬಿಟ್ಟುಕೊಟ್ಟರು: “ಹಿಂದೆ ಶತ್ರು ಕೂತಿದ್ದಾಗ ಎರಡರ ಮನೇಲಿ ಕಾಯಿ ಬಿಡಬಾರದು ಕಂದಾ. ನಾಲ್ಕರ ಮನೆಗೆ ತಗೊಂಡು ಹೋಗು.”

“ಯಾಕಜ್ಜಿ?”

“ಎರಡು ಜಾಸ್ತಿ ಬೀಳತ್ತೆ.”

“ಅದೇ ಯಾಕೆ ಜಾಸ್ತಿ ಬೀಳತ್ತೆ ಅಂತ?” ಈ ಪ್ರಶ್ನೆ ಮಗಳದ್ದು.

ಅಜ್ಜಿಯ ಬಳಿ ಅದಕ್ಕೆ ಉತ್ತರವಿರಲಿಲ್ಲ. ಆಡುತ್ತಾ ಬಂದ ಕೈಗೆ ಅದು ಗೊತ್ತಿತ್ತು, ಅಷ್ಟೆ. ಮಗಳು ಆಟ ಬಿಟ್ಟು ಬೀಜಗಳನ್ನು ಸಾಲಾಗಿಟ್ಟಳು. ಒಂದನ್ನು ತಿರುವಿ ಹಾಕಿದಳು, ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡಳು, ಇನ್ನೊಂದನ್ನು ತಿರುವಿದಳು. ಬರೆದದ್ದನ್ನೇ ಮತ್ತೆ ಬರೆದು ಅಳಿಸಿದಳು. ತಮ್ಮ ಬಂದು ಒಂದು ಬೀಜ ಎತ್ತಿಕೊಂಡು ಓಡಿದ, ಅದನ್ನು ಕಿತ್ತುಕೊಂಡು ಬಂದದ್ದಾಯಿತು. ಕೊನೆಗೆ ನೆಲದ ಮೇಲೆ 16 ಸಾಲು ನಿಂತವು. ಎಷ್ಟು ಯೋಚಿಸಿದರೂ ಹದಿನೇಳನೆಯದು ಸಿಗಲಿಲ್ಲ. ಎರಡು ಬೀಳುವ ಬಗೆ ಆರು, ಒಂದಕ್ಕೆ ನಾಲ್ಕು, ಮೂರಕ್ಕೆ ನಾಲ್ಕು. ನಾಲ್ಕಕ್ಕೂ ಎಂಟಕ್ಕೂ ಒಂದೊಂದೇ. “ಅಜ್ಜಿ, ನೀನು ಹೇಳಿದ್ದು ನಿಜ!” ಎಂದು ಅವಳು ಕೂಗಿದ್ದು ಬೀದಿಗೆ ಕೇಳಿಸಿರಬೇಕು.

ನಾನು ಪಕ್ಕದಲ್ಲೇ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದೆ. ‘ಸಂಭವನೀಯತೆ’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಅಮೆರಿಕದ ಶಿಕ್ಷಕ ಜಾನ್ ಹೋಲ್ಟ್ 1977ರಲ್ಲಿ, ಮಕ್ಕಳಿಗೆ ಮನೆಯಲ್ಲೇ ಕಲಿಸುವವರಿಗೆಂದು ಒಂದು ಪತ್ರಿಕೆ ಆರಂಭಿಸಿದವರು. ಮಗು ಕೇಳದೆ ನಾವು ಕಲಿಸಲು ಹೋದರೆ ಕಲಿಕೆಗೇ ಪೆಟ್ಟು ಎಂಬುದು ಅವರ ಗಟ್ಟಿ ನಂಬಿಕೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಮಗ್ಗಿಯನ್ನು ನಾನೇ ಹಟ ಹಿಡಿದು ಹೇಳಿಕೊಟ್ಟಿದ್ದೇನೆ. ಆದರೆ ತನ್ನದೇ ಪ್ರಶ್ನೆಯೊಳಗೆ ಇಳಿದಿರುವ ಮಗುವಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಯಾರೂ ಕರೆಯದ ಒಂದು ಇಡೀ ಬೆಳಿಗ್ಗೆ. ಮನೆಯ ಕಲಿಕೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಈ ತುಂಡಾಗದ ಹೊತ್ತಿಗೆ. ಸಾಲು ಒಂಬತ್ತಕ್ಕೆ ಬಂದಾಗ ಪೀರಿಯಡ್ ಮುಗಿದಿದ್ದರೆ ಹದಿನಾರಕ್ಕೆ ತಲುಪುವುದು ಹೇಗೆ?

ಊಟಕ್ಕೆ ಚಿತ್ರಾನ್ನ, ಮಜ್ಜಿಗೆ. ಊಟದ ನಡುವೆ ಮಾತು ಮುಮ್ಮಡಿ ಕೃಷ್ಣರಾಜ ಒಡೆಯರ ಕಡೆ ತಿರುಗಿತು. ಹಲಗೆಯಾಟಗಳಲ್ಲಿ ಮುಳುಗಿಹೋಗಿದ್ದ ಮೈಸೂರಿನ ದೊರೆ ಅವರು. ತಾವೇ ಹೊಸ ಆಟಗಳನ್ನು ರಚಿಸಿದರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದಲ್ಲಿ ಆಟಗಳಿಗೆಂದೇ ‘ಕೌತುಕನಿಧಿ’ ಎಂಬ ಭಾಗವಿದೆ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಮನೆಗಳ ಚಿತ್ರಗಳಿವೆ. “ರಾಜರಿಗೆ ಗೋಡೆ ಮೇಲೆ ಬರೆದರೆ ಯಾರೂ ಬೈಯುತ್ತಿರಲಿಲ್ವಾ ಅಮ್ಮ?” ಎಂದ ಮಗ. ಅವನ ಕಣ್ಣು ಆಗಲೇ ನಮ್ಮ ಗೋಡೆಯ ಮೇಲಿತ್ತು.

ದಿನವೆಲ್ಲ ಹೀಗೆ ಆಟದಲ್ಲೇ ಕಳೆದರೆ ಮುಂದೆ ಪರೀಕ್ಷೆ ಹೇಗೆ ಎಂದು ಕೇಳುವವರ ಕಾಳಜಿ ನನಗೆ ಅರ್ಥವಾಗುತ್ತದೆ. 14 ವರ್ಷ ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ ಹತ್ತನೆಯ ತರಗತಿಯ ಪರೀಕ್ಷೆ ಬರೆಯಬಹುದು. ಆ ದಾರಿ ಇದೆ, ಅದಕ್ಕೆ ಓದಬೇಕಾದಾಗ ಓದುತ್ತಾರೆ.

ಅಂದು ಮಧ್ಯಾಹ್ನ ಮಗ ಗೆರೆಗಳನ್ನು ಒರೆಸಿ ಏಳು ಮನೆ ಉದ್ದ, ಏಳು ಮನೆ ಅಗಲದ ದೊಡ್ಡ ಚೌಕ ಬರೆದ. ಅದಕ್ಕೆ ಆರು ಬೀಜ ಬೇಕೆಂದು ಅವನ ಹಟ. “ಆರಕ್ಕೆ ಎಷ್ಟು ಸಾಲು ಬರತ್ತೆ ಅಕ್ಕ?” ಅವಳು ಒಮ್ಮೆಗೇ ಹಾರಲಿಲ್ಲ. “ತಾಳು, ಮೊದಲು ಐದು ನೋಡೋಣ,” ಎಂದು ಇನ್ನೊಂದು ಬೀಜ ತೇಯಲು ಹಿತ್ತಲಿಗೆ ಹೊರಟಳು. ಗೋಡೆಗೆ ಒರಗಿ ಕೂತಿದ್ದ ಅಜ್ಜಿ ಹಿಂದಿನಿಂದ ಕೂಗಿದರು: “ಎಷ್ಟಾದರೂ ನೋಡ್ಕೊಳ್ರಮ್ಮ, ಮೊದಲು ನನ್ನ ಸರದಿ ಮುಗೀಲಿ. ಬೀಜ ಇಲ್ಲಿ ಕೊಡಿ!”