ಹಳದಿ ಬೆಳಕಿನ ಕೋಣೆಯೊಳಗೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಮರಗಳ ಸಾಲು ದಾಟಿ ನೀವೀಗ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದ ಕ್ಲೀನ್‌ರೂಮಿನ ಬಾಗಿಲಿಗೆ ಬಂದಿದ್ದೀರಿ. ಚಪ್ಪಲಿ ಹೊರಗೇ ಬಿಡಬೇಕು. ಕೂದಲಿಗೆ ಟೋಪಿ, ಬಾಯಿಗೆ ಮಾಸ್ಕ್, ಮೈತುಂಬ ಬಿಳಿ ಕವರಾಲ್, ಕೈಗೆ ಗ್ಲೌಸು. ಕಣ್ಣೊಂದು ಬಿಟ್ಟು ಉಳಿದದ್ದೆಲ್ಲ ಮುಚ್ಚಿತು.

“ಪೆನ್ಸಿಲ್ ಇದ್ದರೆ ಇಲ್ಲೇ ಇಟ್ಟುಬಿಡಿ. ಆ ನೋಟ್‌ಬುಕ್ಕೂ ಬೇಡ,” ಎನ್ನುತ್ತಾರೆ ನಿಮ್ಮನ್ನು ಕರೆದೊಯ್ಯುವ ಸಂಶೋಧನಾ ವಿದ್ಯಾರ್ಥಿನಿ. ಪೆನ್ಸಿಲ್ಲಿನಿಂದ ಪುಡಿ ಉದುರುತ್ತದೆ, ಕಾಗದದ ಅಂಚಿನಿಂದ ನಾರು ಹಾರುತ್ತದೆ. ಈ ವೇಷವೆಲ್ಲ ನಿಮ್ಮ ರಕ್ಷಣೆಗೆ ಅಂದುಕೊಂಡಿದ್ದಿರಾ? ಅಲ್ಲ. ನಿಮ್ಮ ಚರ್ಮ, ಕೂದಲು, ಉಸಿರಿನಿಂದ ಒಳಗಿರುವ ವಸ್ತುಗಳನ್ನು ಕಾಪಾಡಲು.

ಬಾಗಿಲು ತೆರೆದೊಡನೆ ಕಿವಿಗೆ ಬೀಳುವುದು ಗಾಳಿಯ ಒಂದೇ ಸಮನೆಯ ಮೊರೆತ. ಚಾವಣಿಯ ಫಿಲ್ಟರುಗಳಿಂದ ಸೋಸಿದ ಗಾಳಿ ನೆಟ್ಟಗೆ ಕೆಳಗಿಳಿಯುತ್ತಿದೆ. ಇಂಥ ಕೋಣೆಗಳಲ್ಲಿ ‘ಕ್ಲಾಸ್ 100’ ಎಂಬ ದರ್ಜೆಯಿದೆ: ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು 100ನ್ನು ಮೀರುವಂತಿಲ್ಲ. ನೀವು ದಾಟಿ ಬಂದ ರಸ್ತೆಯ ಗಾಳಿಯಲ್ಲಿ ಅವು ಲಕ್ಷಗಟ್ಟಲೆ ಇವೆ. ಅರ್ಧ ಮೈಕ್ರಾನ್ ಎಂದರೆ 500 ನ್ಯಾನೋಮೀಟರ್. 50 ನ್ಯಾನೋಮೀಟರ್ ಅಗಲದ ಗೆರೆ ಎಳೆಯುವವರಿಗೆ ಆ ಒಂದು ಧೂಳಿನ ಕಣ ಗೆರೆಗಿಂತ ಹತ್ತು ಪಟ್ಟು ದೊಡ್ಡದು. ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲು ಈ ನ್ಯಾನೋಮೀಟರ್. ನಿಮ್ಮ ತಲೆಗೂದಲು ಅದರ ಲೆಕ್ಕದಲ್ಲಿ 80,000ದಿಂದ 1,00,000 ದಪ್ಪ.

ಮುಂದಿನ ಕೋಣೆಯಲ್ಲಿ ಬೆಳಕೆಲ್ಲ ಹಳದಿ. ಇಲ್ಲಿ ಬಳಸುವ ಫೋಟೋರೆಸಿಸ್ಟ್ ಎಂಬ ದ್ರವ ನೀಲಿ ಬೆಳಕಿಗೂ ನೇರಳಾತೀತಕ್ಕೂ ಸ್ಪಂದಿಸುವುದರಿಂದ ಬಿಳಿ ದೀಪ ಹಚ್ಚುವ ಹಾಗಿಲ್ಲ. ವಿದ್ಯಾರ್ಥಿನಿ ಚಿಮಟದಲ್ಲಿ ಸಿಲಿಕಾನ್ ಬಿಲ್ಲೆಯೊಂದನ್ನು ಎತ್ತಿ ಯಂತ್ರದ ಮೇಲಿಡುತ್ತಾರೆ. ಹೊಳಪು ಎಷ್ಟೆಂದರೆ ಅದರಲ್ಲಿ ನಿಮ್ಮ ಮಾಸ್ಕಿನ ಮುಖ ಕಾಣುತ್ತದೆ. ನಡುವೆ ಕೆಲವು ಹನಿ ದ್ರವ. ನಿಮಿಷಕ್ಕೆ 4,000 ಸುತ್ತು. ನಿಂತಾಗ ಬಿಲ್ಲೆಯ ಮೇಲೆ ಒಂದು ಮೈಕ್ರಾನಿನಷ್ಟು ತೆಳುವಾದ ಪೊರೆ. ಮೇಲೆ ಅಚ್ಚು ಇಟ್ಟು ನೇರಳಾತೀತ ಬೆಳಕು ಹಾಯಿಸಿ ತೊಳೆದರೆ ಬೆಳಕು ಬಿದ್ದಲ್ಲಿ ಪೊರೆ ಕರಗುತ್ತದೆ, ಬೀಳದಲ್ಲಿ ಉಳಿಯುತ್ತದೆ.

ಇವರು ಮಾಡುತ್ತಿರುವುದು ಅನಿಲ ಪತ್ತೆಹಚ್ಚುವ ಸಂವೇದಕ. ಬಿಲ್ಲೆ ಈಗ ನಿರ್ವಾತ ಯಂತ್ರದೊಳಗೆ ಹೋಗಿದೆ. ಎಲೆಕ್ಟ್ರಾನ್ ಕಿರಣಕ್ಕೆ ಕರಗಿದ ಪ್ಲಾಟಿನಂ ಆವಿಯಾಗಿ ಬಿಲ್ಲೆಗೆ ಅಂಟುತ್ತಿದೆ. ಪರದೆಯ ಅಂಕಿ ನಿಧಾನಕ್ಕೆ ಏರುತ್ತದೆ: 10 ನ್ಯಾನೋಮೀಟರ್, 20, 30. ಕಣ್ಣಿಗೆ ಏನೂ ಕಾಣದಿದ್ದರೂ ನೀವು ಆ ಅಂಕಿಯಿಂದ ದೃಷ್ಟಿ ತೆಗೆಯಲಾರಿರಿ. ಆಮೇಲೆ ಅಸಿಟೋನಿನಲ್ಲಿ ಮುಳುಗಿಸಿದಾಗ ಪೊರೆಯ ಜೊತೆ ಬೇಡದ ಲೋಹ ಸುಕ್ಕುಸುಕ್ಕಾಗಿ ಎದ್ದು ತೇಲುತ್ತದೆ. ಉಳಿಯುವುದು ಎರಡು ಕೈಗಳ ಬೆರಳುಗಳನ್ನು ಒಂದರೊಳಗೊಂದು ಸೇರಿಸಿದಂಥ ಗೆರೆಗಳು. ಅವುಗಳ ಮೇಲೆ ಬರುವುದು ತವರದ ಆಕ್ಸೈಡಿನ ತೆಳು ಲೇಪ.

ಆ ಲೇಪವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ. ಮೂಲೆಯಲ್ಲಿ 100 ನ್ಯಾನೋಮೀಟರ್ ಎಂಬ ಅಳತೆಪಟ್ಟಿ, ಪರದೆ ತುಂಬ ಒತ್ತಿಕೊಂಡು ಕೂತ ಕಣಗಳು. ನ್ಯಾನೋ ಉದ್ಯಮದ ಗುಟ್ಟು ಇಲ್ಲೇ ಇದೆ, ಇದಕ್ಕಾಗಿಯೇ ನಾನು ನಿಮ್ಮನ್ನು ಇಲ್ಲಿ ತನಕ ಕರೆತಂದೆ. ಪ್ರತಿ ಬದಿ ಒಂದು ಸೆಂಟಿಮೀಟರ್ ಇರುವ ಘನವೊಂದರ ಮೇಲ್ಮೈ ಬರೀ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 6,000 ಚದರ ಮೀಟರ್, ಅಂದರೆ ಸುಮಾರು ಒಂದೂವರೆ ಎಕರೆ! ವಸ್ತು ಅಷ್ಟೇ, ತೂಕವೂ ಅಷ್ಟೇ. ಹೊರಗಿನ ಜಗತ್ತಿಗೆ ತೆರೆದುಕೊಂಡ ಮೈ ಮಾತ್ರ ಕೋಟಿ ಪಟ್ಟು. ಬಿಸಿ ಮಾಡಿದ ತವರದ ಆಕ್ಸೈಡಿನ ಮೇಲ್ಮೈಗೆ ಗಾಳಿಯ ಆಮ್ಲಜನಕ ಅಂಟಿ ಅದರ ಎಲೆಕ್ಟ್ರಾನುಗಳನ್ನು ಹಿಡಿದಿಡುತ್ತದೆ. ಕಾರ್ಬನ್ ಮಾನಾಕ್ಸೈಡೋ ಅಡುಗೆ ಅನಿಲವೋ ಬಂದರೆ ಆ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಎಲೆಕ್ಟ್ರಾನುಗಳು ಮರಳಿ ಹರಿಯುತ್ತವೆ, ವಿದ್ಯುತ್ ರೋಧ ಇಳಿಯುತ್ತದೆ. ಕೆಲಸ ಮಾಡುವುದೆಲ್ಲ ಮೇಲ್ಮೈ. ಕಣ ಕೆಲವೇ ನ್ಯಾನೋಮೀಟರಿಗೆ ಇಳಿದಾಗ ಅದಕ್ಕೆ ಒಳಭಾಗ ಎಂಬುದೇ ಹೆಚ್ಚುಕಡಿಮೆ ಉಳಿಯುವುದಿಲ್ಲ.

ಇದೇ ಲೆಕ್ಕ ಬೇರೆ ಕಡೆಯೂ ನಡೆಯುತ್ತದೆ. ಐಐಟಿ ಮದ್ರಾಸಿನ ಟಿ. ಪ್ರದೀಪ್ ಅವರ ತಂಡ ಕಬ್ಬಿಣದ ಆಕ್ಸಿಹೈಡ್ರಾಕ್ಸೈಡಿನ ನ್ಯಾನೋ ವಸ್ತುವಿನಿಂದ ನೀರಿನ ಆರ್ಸೆನಿಕ್ ಹೀರುವ ಫಿಲ್ಟರ್ ರೂಪಿಸಿತು. ಗರ್ಭಧಾರಣೆ ಪರೀಕ್ಷೆಯ ಕಿಟ್ಟಿನಲ್ಲಿ ಮೂಡುವ ಕೆಂಪು ಗೆರೆ ಬಹುಪಾಲು ಚಿನ್ನದ ನ್ಯಾನೋ ಕಣಗಳದು. ಅಷ್ಟು ಚಿಕ್ಕದಾದಾಗ ಚಿನ್ನ ಹಳದಿಯಾಗಿರುವುದಿಲ್ಲ. ಇದೇ ಕೇಂದ್ರದ ಸಂಶೋಧನೆಯಿಂದ ಹುಟ್ಟಿದ ಪಾಥ್‌ಶೋಧ್ ಕಂಪನಿ ಮಧುಮೇಹದ ಹಲವು ಸೂಚಕಗಳನ್ನು ಅಂಗೈಯಗಲದ ಉಪಕರಣದಲ್ಲಿ ಅಳೆಯುತ್ತದೆ. ಸನ್‌ಸ್ಕ್ರೀನ್, ಮೊಬೈಲ್ ಚಿಪ್ಪುಗಳ ಮಾತು ನಿಮಗೆ ಗೊತ್ತೇ ಇದೆ. ಹಾಗೆಂದು ನ್ಯಾನೋ ಎಂಬ ಹೆಸರು ಅಂಟಿಸಿದ್ದೆಲ್ಲ ಒಳ್ಳೆಯದಲ್ಲ. ಬಟ್ಟೆಗೆ ಹಚ್ಚಿದ ಬೆಳ್ಳಿ ಕಣಗಳು ಒಗೆದಾಗ ನೀರಿಗೆ ಸೇರುತ್ತವೆ. ಸೂಕ್ಷ್ಮಜೀವಿ ಕೊಲ್ಲುವ ಅವುಗಳ ಗುಣ ಅಲ್ಲಿನ ಜೀವಿಗಳಿಗೂ ತಟ್ಟಬಹುದು. ಮೇಲ್ಮೈ ಹೆಚ್ಚಿದಾಗ ಉಪಕಾರದ ಜೊತೆ ಅಪಾಯವೂ ಹೆಚ್ಚುತ್ತದೆ, ಅದನ್ನು ಪರೀಕ್ಷಿಸದೆ ಮಾರುವುದು ತಪ್ಪು.

ವಿದ್ಯಾರ್ಥಿನಿ ಬಿಲ್ಲೆಯ ಒಂದೊಂದೇ ಚಿಪ್ಪಿಗೆ ಸೂಜಿ ತಾಗಿಸಿ ರೋಧ ಅಳೆಯುತ್ತಿದ್ದಾರೆ. ಒಂದು ಸರಿ, ಪಕ್ಕದ್ದು ಸರಿ, ಮೂರನೆಯದಕ್ಕೆ ಸುಮ್ಮನೆ ತಲೆಯಾಡಿಸುತ್ತಾರೆ. ಒಂದು ಚಿಪ್ಪು ಕೆಲಸ ಮಾಡಿದರೆ ಪ್ರಬಂಧ ಬರೆಯಬಹುದು. ಮಾರುಕಟ್ಟೆಗೆ ಬೇಕಾದದ್ದು ಒಂದೇ ರೀತಿ ಅಳೆಯುವ, ವರ್ಷಗಟ್ಟಲೆ ಅಳೆಯುವ, ಅಗ್ಗದ ಹತ್ತು ಸಾವಿರ ಚಿಪ್ಪುಗಳು. ನಮ್ಮಲ್ಲಿ ಎಷ್ಟೋ ಒಳ್ಳೆಯ ಕೆಲಸ ನಿಂತುಹೋಗುವುದು ಈ ಅಂತರದಲ್ಲಿ. ಅದನ್ನು ದಾಟಿಸಲು ಈ ಕೋಣೆಯೂ ಬೇಕು, ಇಲ್ಲಿ ಕೈ ಪಳಗಿದ ನೂರಾರು ಯುವಜನರೂ ಬೇಕು.

ಇದು ಈ ಸಂಸ್ಥೆಯಲ್ಲಿ ಓದುವವರಿಗೆ ಮಾತ್ರ ಮೀಸಲಾದ ಜಾಗವಲ್ಲ. ಇಂಡಿಯನ್ ನ್ಯಾನೋ ಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ ಎಂಬ ಸರ್ಕಾರಿ ಯೋಜನೆಯಡಿ 2008ರಿಂದ ಬೇರೆ ಕಾಲೇಜುಗಳವರೂ ಇಲ್ಲಿ ತರಬೇತಿ ಪಡೆದಿದ್ದಾರೆ, ತಮ್ಮ ಚಿಪ್ಪುಗಳನ್ನು ತಾವೇ ಮಾಡಿಕೊಂಡಿದ್ದಾರೆ. ಹಾವೇರಿಯಲ್ಲೋ ಬೀದರಿನಲ್ಲೋ ನಿಮಗೆ ಗೊತ್ತಿರುವ ಹುಡುಗ ಹುಡುಗಿಯರು ಭೌತಶಾಸ್ತ್ರ, ರಸಾಯನಶಾಸ್ತ್ರ, ಎಂಜಿನಿಯರಿಂಗ್ ಓದುತ್ತಿದ್ದರೆ ಈ ಯೋಜನೆಯ ಹೆಸರನ್ನು ಅವರಿಗೆ ಹೇಳಿ, ಅರ್ಜಿ ಹಾಕಿಸಿ.