ಎಂಜಿನ್ ನಿಲ್ಲಿಸುವ ಕೆಂಪು ಬಳ್ಳಿ

ಟ್ರೆಡ್‌ಮಿಲ್ ಮೇಲೆ ನಡೆಯುವವರು ಈಗ ನಮ್ಮಲ್ಲಿ ಬಹಳ ಮಂದಿ. ಎಲ್ಲಾ ಸಕ್ಕರೆ ಕಾಯಿಲೆಯ ಕೃಪೆ! ಅದರ ಮುಂದೆ ಒಂದು ಕೆಂಪು ದಾರ, ತುದಿಗೊಂದು ಕ್ಲಿಪ್ಪು ನೇತಾಡುತ್ತಿರುತ್ತದೆ. ಜಾರಿ ಬಿದ್ದರೆ ದಾರ ಕಿತ್ತು ಯಂತ್ರ ನಿಲ್ಲಲಿ ಅಂತ ಕೊಟ್ಟಿರುವುದು. ಅದನ್ನು ಅಂಗಿಗೆ ಸಿಕ್ಕಿಸಿಕೊಂಡವರನ್ನು ನಾನಂತೂ ನೋಡಿಲ್ಲ. ಇದೇ ದಾರದ ಅಣ್ಣನೊಬ್ಬ ದೋಣಿಯ ಔಟ್‌ಬೋರ್ಡ್ ಎಂಜಿನ್ನಿಗೂ ಇದ್ದಾನೆ. ಕಿಲ್ ಸ್ವಿಚ್ ಅನ್ನುತ್ತಾರೆ. ಹೆಸರು ಕೇಳಿದರೆ ಭಯ, ಮಾಡುವ ಕೆಲಸ ಮಾತ್ರ ಜೀವ ಉಳಿಸುವುದು.

ಬಿಕಾಂ ಓದಿದ ಬ್ಯಾಂಕಿನವನಿಗೆ ದೋಣಿಯ ಉಸಾಬರಿ ಯಾಕೆ ಅಂತೀರಾ? ಹುಟ್ಟಿದ್ದು ಕುಂದಾಪುರದ ಕಡೆ, ಗಂಗೊಳ್ಳಿಯ ನಾಡದೋಣಿಗಳನ್ನು ನೋಡುತ್ತಾ ಬೆಳೆದವನು. ಹೊಟ್ಟೆಪಾಡು ವಿಶಾಖಪಟ್ಟಣಕ್ಕೆ ಕರೆತಂದು ಇಲ್ಲೇ ಬೇರು ಬಿಡಿಸಿತು. 2018-19ರ ಬಜೆಟ್ಟಿನಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡನ್ನು ಮೀನುಗಾರರಿಗೂ ವಿಸ್ತರಿಸಿದ ಮೇಲಂತೂ ಅವರ ಕಡತಗಳು ನನ್ನ ಮೇಜಿಗೆ ಹೆಚ್ಚೆಚ್ಚು ಬಂದವು. ಸಾಲ ಕೊಟ್ಟ ಮೇಲೆ ಹೋಗಿ ನೋಡಬೇಕಲ್ಲ? ದೋಣಿ ಇದೆಯೇ, ಎಂಜಿನ್ ನಂಬರ್ ಸರಿಯಿದೆಯೇ, ವಿಮೆ ಕಟ್ಟಿದ್ದಾರೆಯೇ, ಎಲ್ಲಾ ಬರೆದುಕೊಳ್ಳುತ್ತೇವೆ. ದೋಣಿಯಲ್ಲಿ ಕೂರುವವನ ಜೀವಕ್ಕೇನು ಕಾವಲು ಎಂಬ ಕಾಲಂ ಮಾತ್ರ ನಮ್ಮ ಫಾರಂನಲ್ಲಿ ಇಲ್ಲ.

ಹೊಸ ಎಂಜಿನ್ನುಗಳ ಜೊತೆ ಆ ಬಳ್ಳಿ ಬರುತ್ತದೆ. ಎರಡನೇ, ಮೂರನೇ ಕೈ ದಾಟಿ ಬಂದ ಹಳೆಯವುಗಳಲ್ಲಿ ಅದು ಎಂದೋ ಕಳೆದುಹೋಗಿರುತ್ತದೆ, ಇಲ್ಲವೇ ಮೊದಲಿಂದಲೇ ಇರುವುದಿಲ್ಲ. ಹಿಡಿ ಹಿಡಿದು ಎಂಜಿನ್ ನಡೆಸುವವನು ಅಲೆಯ ಹೊಡೆತಕ್ಕೆ ನೀರಿಗೆ ಬಿದ್ದ ಅಂತಿಟ್ಟುಕೊಳ್ಳಿ. ಎಂಜಿನ್ನಿಗೆ ಅದು ಗೊತ್ತಾಗುವುದಿಲ್ಲ. ದೋಣಿ ತನ್ನ ಪಾಡಿಗೆ ಹೊರಟುಹೋದರೆ ಬಿದ್ದವನು ನಡುಗಡಲಲ್ಲಿ ಒಂಟಿ. ಹಿಡಿ ವಾಲಿ ದೋಣಿ ಗಿರಗಿರ ಸುತ್ತತೊಡಗಿದರೆ ಇನ್ನೂ ಘೋರ. ತಿರುಗುವ ಫ್ಯಾನು ಅವನ ಮೇಲೇ ವಾಪಸ್ ಬರುತ್ತದೆ. 2013ರ ಮೇ 5ರಂದು ಇಂಗ್ಲೆಂಡಿನ ಪ್ಯಾಡ್‌ಸ್ಟೋ ಎಂಬಲ್ಲಿ ಆದದ್ದು ಇದೇ. ಇಡೀ ಕುಟುಂಬ ನೀರಿಗೆ ಬಿತ್ತು. ಖಾಲಿ ದೋಣಿ ಸುತ್ತಿ ಸುತ್ತಿ ಬಡಿದು ತಂದೆ, ಎಂಟು ವರ್ಷದ ಮಗಳು ತೀರಿಕೊಂಡರು. ದೋಣಿಯಲ್ಲಿ ಬಳ್ಳಿ ಇತ್ತು. ನಡೆಸುವವರ ಮೈಗೆ ಕಟ್ಟಿರಲಿಲ್ಲ, ಅಷ್ಟೇ. ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ, ಸ್ವಿಚ್ ಇರುವ 26 ಅಡಿಗಿಂತ ಚಿಕ್ಕ ವಿಹಾರದ ದೋಣಿಗಳನ್ನು ವೇಗವಾಗಿ ಓಡಿಸುವಾಗ ಬಳ್ಳಿ ಕಟ್ಟಿಕೊಳ್ಳುವುದು ಕಾನೂನೇ ಆಗಿದೆ.

ನಡುವೆ ಮೂರು ವರ್ಷ ನನಗೆ ವಿಜಯವಾಡಕ್ಕೆ ವರ್ಗವಾಗಿತ್ತು. ಅಲ್ಲಿನ ಕೃಷ್ಣೆ ನಮ್ಮ ಆಲಮಟ್ಟಿ, ನಾರಾಯಣಪುರ ದಾಟಿ ಬಂದವಳು. 2017ರ ನವೆಂಬರ್ 12ರಂದು ಇಬ್ರಾಹಿಂಪಟ್ನಂ ಬಳಿಯ ಪವಿತ್ರ ಸಂಗಮದಲ್ಲಿ ದೋಣಿ ಮಗುಚಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮುಳುಗಿದ್ದನ್ನು ಊರು ಇನ್ನೂ ಮರೆತಿಲ್ಲ. ದೋಣಿಯ ಸುರಕ್ಷತೆ ಅಂದರೆ ಅಲ್ಲಿ ಲೈಫ್ ಜಾಕೆಟ್ ಮಾತೇ ಮೊದಲು, ಅದು ಸರಿಯೂ ಹೌದು. ಆದರೆ 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ಸಿಂಗ್ ನಗರದ ಬೀದಿಗಳಲ್ಲಿ ರಬ್ಬರ್ ದೋಣಿಗಳು ಓಡಾಡಿದವಲ್ಲ, ಆಗ ನನ್ನ ಕಣ್ಣು ಹೋದದ್ದು ಒಬ್ಬ ಚಾಲಕನ ತೊಡೆಯ ಮೇಲೆ. ಕೆಂಪು ಬಳ್ಳಿ ಬಿಗಿದಿತ್ತು. ಸುತ್ತ ಎದೆಮಟ್ಟದ ನೀರಲ್ಲಿ ಜನ, ನೀರೊಳಗೆ ತಿರುಗುವ ಫ್ಯಾನು. ಅವನು ಆಯತಪ್ಪಿದರೆ ಎಂಜಿನ್ ಆ ಕ್ಷಣವೇ ನಿಲ್ಲಬೇಕು, ಬೇರೆ ದಾರಿಯಿಲ್ಲ.

ವಿಶಾಖಪಟ್ಟಣಕ್ಕೆ ಮರಳಿದ ಮೇಲೆ ಹಳೆಯ ಗ್ರಾಹಕರೊಬ್ಬರಿಗೆ ಇದನ್ನು ಹೇಳಿದೆ. ಭೀಮಿಲಿ ಕಡೆಯ ಹಿರಿಯ ಮೀನುಗಾರರು. ಹಳೆಯ ಯಮಹಾ ಎಂಜಿನ್. ಈಗೀಗ ಮಗ ಒಬ್ಬನೇ ಕಡಲಿಗೆ ಹೋಗುವ ದಿನಗಳೂ ಇವೆ. "ಬಾಬೂ, ಬಲೆ ಎಳೆಯುವಾಗ ಕಾಲಿಗೆ ಬಳ್ಳಿ ಕಟ್ಟಿಕೊಂಡರೆ ಅದೇ ಉರುಳಾಗುವುದಿಲ್ಲವೇ?" ಅಂದರು. ಮಾತು ನಿಜ. ಬಲೆ ಎಳೆಯುವಾಗ ಎಂಜಿನ್ ನಿಂತಿರಬೇಕು, ಬಳ್ಳಿ ಬಿಚ್ಚಿರಬೇಕು. ಹಿಡಿ ಹಿಡಿದು ಓಡಿಸುವಾಗ ಮಾತ್ರ ಅದು ಮೈಮೇಲೆ ಇರಬೇಕು ಅಂದೆ. ಸುಮ್ಮನೆ ಸ್ವಲ್ಪ ಹೊತ್ತು ಕಡಲು ನೋಡಿ, "ಹುಡುಗನಿಗೋಸ್ಕರ ಹಾಕಿಸೋಣ" ಅಂದರು.

ಮೆಕ್ಯಾನಿಕ್ ಮಾಡಿದ ಕೆಲಸ ಅರ್ಧ ಗಂಟೆಯದ್ದು. ಇಂಥ ಹಳೆಯ ಎಂಜಿನ್ನುಗಳಲ್ಲಿ ಕಿಡಿಗೆ ಬೇಕಾದ ಕರೆಂಟನ್ನು ಮ್ಯಾಗ್ನೆಟೋವೇ ಹುಟ್ಟಿಸುತ್ತದೆ. ನಿಲ್ಲಿಸುವ ಗುಂಡಿ ಒತ್ತಿದರೆ ಆ ಕರೆಂಟು ಎಂಜಿನ್ನಿನ ಮೈಗೆ, ಅಂದರೆ ಅರ್ಥ್‌ಗೆ, ಹರಿದುಹೋಗಿ ಕಿಡಿ ಸಾಯುತ್ತದೆ. ಹೊಸ ಸ್ವಿಚ್ಚನ್ನು ಆ ಗುಂಡಿಯ ಜೊತೆಗೇ ಸಮಾನಾಂತರವಾಗಿ ಸೇರಿಸಬೇಕು. ಒಂದು ತಂತಿ ಗುಂಡಿಯ ಸ್ಟಾಪ್ ವೈರಿಗೆ, ಇನ್ನೊಂದು ಅರ್ಥ್‌ಗೆ. ಕ್ಲಿಪ್ ಒಳಗಿದ್ದರೆ ಸಂಪರ್ಕ ಬಿಟ್ಟಿರಬೇಕು, ಕಿತ್ತರೆ ಕೂಡಬೇಕು. ಬ್ಯಾಟರಿಯ ಕರೆಂಟು ಈ ತಂತಿಗೆ ತಾಗಲೇಬಾರದು, ತಾಗಿದರೆ ಸಿಡಿಐ ಸುಟ್ಟೀತು. ಕೀಲುಗಳಿಗೆ ಬೆಸುಗೆ ಹಾಕಿ ಉಪ್ಪುನೀರು ನುಗ್ಗದಂತೆ ಮುಚ್ಚಬೇಕು. ಬ್ಯಾಟರಿಯಿಂದ ಕಿಡಿ ಪಡೆಯುವ ಎಂಜಿನ್ನುಗಳಲ್ಲಿ ಲೆಕ್ಕ ತಿರುಗುಮುರುಗಾಗಬಹುದು. ಡೀಸೆಲ್ಲಿಗಂತೂ ಕಿಡಿಯೇ ಇಲ್ಲ, ಅಲ್ಲಿ ಎಣ್ಣೆಯನ್ನೇ ತಡೆಯಬೇಕು. ಆದ್ದರಿಂದ ಬಲ್ಲವರ ಕೈಯಲ್ಲೇ ಮಾಡಿಸಿ.

ಇಲ್ಲೊಂದು ಗುಟ್ಟಿದೆ ನೋಡಿ. ಈ ಹಳೆಯ ವ್ಯವಸ್ಥೆಯಲ್ಲಿ ಸ್ವಿಚ್ಚಿನ ತಂತಿ ತುಕ್ಕು ಹಿಡಿದು ತುಂಡಾದರೂ ಎಂಜಿನ್ ಚೆನ್ನಾಗಿಯೇ ಓಡುತ್ತದೆ! ಕಾವಲುಗಾರ ಸತ್ತದ್ದು ಬಿದ್ದ ದಿನವೇ ಗೊತ್ತಾಗುವುದು. ನಮ್ಮ ಸ್ಟ್ರಾಂಗ್‌ರೂಮಿನ ಅಲಾರಂ ಕೂಡ ಹಾಗೆಯೇ. ಸುಮ್ಮನಿದೆ ಅಂದರೆ ಸರಿಯಿದೆ ಅಂತಲ್ಲ. ಅದಕ್ಕೇ ಅದನ್ನು ಬಾರಿಸಿ ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕುವುದು. ದೋಣಿಯಲ್ಲೂ ಅಷ್ಟೇ: ದಡ ಬಿಡುವ ಮುನ್ನ ನ್ಯೂಟ್ರಲ್‌ನಲ್ಲಿ ಎಂಜಿನ್ ಶುರು ಮಾಡಿ ಬಳ್ಳಿ ಎಳೆಯಬೇಕು. ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಆ ದಿನ ರಿಪೇರಿಯೇ ಮೊದಲು, ಮೀನು ಆಮೇಲೆ.

ಇನ್ನೊಂದು ಮಾತು. ಬಿದ್ದವನ ಜೊತೆ ಕ್ಲಿಪ್ಪೂ ನೀರಿಗೆ ಹೋದರೆ ದೋಣಿಯಲ್ಲಿ ಉಳಿದವರು ಎಂಜಿನ್ ಶುರು ಮಾಡಿ ಅವನನ್ನು ಎತ್ತಿಕೊಳ್ಳುವುದು ಹೇಗೆ? ಅದಕ್ಕೆ ಎರಡನೆಯ ಕ್ಲಿಪ್ಪೊಂದು ದೋಣಿಯಲ್ಲಿ ಕೈಗೆ ಸಿಗುವಂತೆ ಇರಲೇಬೇಕು.

ನೀವು ದುಬೈಯಲ್ಲಿರಿ, ಮುಂಬೈಯಲ್ಲಿರಿ, ಮಲ್ಪೆ, ಗಂಗೊಳ್ಳಿ, ಹೊನ್ನಾವರದಲ್ಲಿ ದೋಣಿ ಇರುವ ನಂಟರು ಯಾರಾದರೂ ಇದ್ದೇ ಇರುತ್ತಾರೆ. ಈ ಭಾನುವಾರ ಫೋನ್ ಮಾಡಿದಾಗ ಮಳೆ, ಮೀನಿನ ರೇಟು ಕೇಳಿದ ಮೇಲೆ, "ಎಂಜಿನ್ನಿಗೆ ಬಳ್ಳಿ ಇದೆಯಾ? ಕಟ್ಟಿಕೊಳ್ಳುತ್ತೀಯಾ?" ಅಂತಲೂ ಒಂದು ಮಾತು ಕೇಳಿಬಿಡಿ.