ಕಣ್ಣಿನ ಹಿಂದಿನ ಗಂಟು

ಮೈಸೂರಿನ ಒಂದು ಮನೆಯ ಪಡಸಾಲೆಯಲ್ಲಿ ಕಣ್ಣಾಮುಚ್ಚಾಲೆ ನಡೆದಿತ್ತು. ಅಜ್ಜಿಯ ಮಡಿಲಿಗೆ ಬೆನ್ನು ಕೊಟ್ಟು ನಿಂತ ನಾಲ್ಕು ವರ್ಷದ ಮೊಮ್ಮಗಳ ಕಣ್ಣುಗಳನ್ನು ಆಕೆಯ ಅಂಗೈಗಳು ಮುಚ್ಚಿದ್ದವು. ಬೆರಳ ಸಂದಿಯಿಂದ ಕದ್ದು ನೋಡುವುದರಲ್ಲಿ ಹುಡುಗಿ ಗಟ್ಟಿಗಿತ್ತಿ. ಅಂದು ಅಜ್ಜಿಯ ಎಡಗೈ ತಾನಾಗಿ ಜಾರಿತು. ಎದುರಿಗೇ ಅಣ್ಣ ಮಂಚದಡಿ ನುಸುಳುತ್ತಿದ್ದ. ಎಡಗಣ್ಣು ತೆರೆದೇ ಇದ್ದರೂ ಮಗು, "ಅಣ್ಣ ಕಾಣಿಸ್ತಿಲ್ಲ ಅಜ್ಜೀ, ಕೈ ತೆಗಿ" ಎಂದಿತು.

ಆ ಕಣ್ಣು ತುಸು ಓರೆಯಾಗಿರುವುದನ್ನು ಮನೆಯವರು ಮೊದಲೇ ಕಂಡಿದ್ದರು. ಮೆಳ್ಳೆಗಣ್ಣು ಅದೃಷ್ಟದ ಗುರುತೆಂದು ಸುಮ್ಮನಿದ್ದರು. ನೇತ್ರತಜ್ಞರು ಕಣ್ಣನ್ನು ಪರೀಕ್ಷಿಸಿದ ಮೇಲೆ ಮಗುವಿನ ಅಂಗಿಯನ್ನು ಮೇಲೆತ್ತಿ ಬೆನ್ನು ನೋಡಿದರು. ಹಾಲು ಬೆರೆಸಿದ ಕಾಫಿಯ ಬಣ್ಣದ ಮಚ್ಚೆಗಳು ಅಲ್ಲಿ ಎಂಟೊಂಬತ್ತು ಇದ್ದವು. ಹುಟ್ಟುಮಚ್ಚೆಗೂ ಕಣ್ಣಿಗೂ ಏನು ಸಂಬಂಧವೆಂದು ತಾಯಿಗೆ ತಿಳಿಯಲಿಲ್ಲ. ಎಂ.ಆರ್.ಐ. ಚಿತ್ರ ಬಂದಾಗ ತಿಳಿಯಿತು. ಎಡಗಣ್ಣಿನ ಹಿಂದಿನ ದೃಷ್ಟಿನರ ಗಂಟಾಗಿ ಉಬ್ಬಿತ್ತು.

"ಈಗ ಏನೂ ಮಾಡುವುದು ಬೇಡ. ಮೂರು ತಿಂಗಳು ಬಿಟ್ಟು ಕರೆತನ್ನಿ" ಎಂದರು ವೈದ್ಯರು.

ತಂದೆಗೆ ಸಿಟ್ಟು ಬಂದದ್ದು ಸಹಜ. ತಲೆಯೊಳಗೆ ಗಂಟಿದೆಯೆಂದು ಕಂಡೂ ಕೈಕಟ್ಟಿ ಕೂರುವುದೆ? ಕ್ಯಾನ್ಸರ್ ಎಂಬ ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಆದರೆ ಆ ರಾತ್ರಿ ಯಾರಿಗೂ ನಿದ್ದೆ ಹತ್ತಲಿಲ್ಲ.

ವೈದ್ಯರ ಮಾತಿಗೆ ಆಧಾರವಿತ್ತು. ದೃಷ್ಟಿನರದಲ್ಲಿ ಹತ್ತು ಲಕ್ಷಕ್ಕೂ ಮಿಗಿಲಾದ ಎಳೆಗಳಿವೆ. ಮಕ್ಕಳಲ್ಲಿ ಗಂಟಾಗಿ ಬೆಳೆಯುವುದು ಈ ಎಳೆಗಳಲ್ಲ, ಅವುಗಳ ನಡುವೆ ಇದ್ದು ಅವನ್ನು ಪೋಷಿಸುವ ಗ್ಲಯ ಎಂಬ ಕೋಶಗಳು. ಆದುದರಿಂದಲೇ ಇದಕ್ಕೆ ಗ್ಲಯೋಮ ಎಂದು ಹೆಸರು. ಪೋಷಿಸಬೇಕಾದವೇ ಹೆಚ್ಚಿ ಎಳೆಗಳನ್ನು ಅದುಮುತ್ತವೆ. ಗಂಟನ್ನು ಕೊಯ್ದು ತೆಗೆದರೆ ಎಳೆಗಳೂ ತುಂಡಾಗುತ್ತವೆ, ಉಳಿದಿದ್ದ ನೋಟವೂ ಹೋಗುತ್ತದೆ. ಸಮಾಧಾನವೆಂದರೆ ಮಕ್ಕಳಲ್ಲಿ ಇದು ಬಹುಪಾಲು ಮಂದಗತಿಯದು. ಎಷ್ಟೋ ವೇಳೆ ಬೆಳೆಯುವುದನ್ನು ನಿಲ್ಲಿಸಿ ತೆಪ್ಪಗೆ ಉಳಿದುಬಿಡುತ್ತದೆ. ಅಮೆರಿಕದ ನೇತ್ರವೈದ್ಯ ವಿಲಿಯಂ ಹಾಯ್ಟ್ 1969ರಲ್ಲಿ ಇಂಥ ಮಕ್ಕಳ ರೋಗದ ಸ್ವಾಭಾವಿಕ ಗತಿಯನ್ನು ಪರಿಶೀಲಿಸಿ, ಆತುರದ ಚಿಕಿತ್ಸೆ ಸಲ್ಲದೆಂದು ಸಹೋದ್ಯೋಗಿಯೊಡನೆ ವಾದಿಸಿದ್ದರು. ವಯಸ್ಕರಲ್ಲಿ ತೀರ ಅಪರೂಪವಾಗಿ ಬರುವ ದೃಷ್ಟಿನರದ ಮಾರಕ ಗ್ಲಯೋಮದ ಪರಿಯೇ ಬೇರೆ. ಕೆಲವೇ ವಾರಗಳಲ್ಲಿ ಕುರುಡಾಗಿಸಿ ಜೀವವನ್ನೇ ಕೇಳುವ ವ್ಯಾಧಿ ಅದು. ಒಂದೇ ಹೆಸರಿನಡಿ ಎರಡು ಹಣೆಬರಹ!

ಮಚ್ಚೆಯ ಗುಟ್ಟೂ ಇಷ್ಟೆ. ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸನ್ 1882ರಲ್ಲಿ ವಿವರಿಸಿದ ವ್ಯಾಧಿಯೊಂದುಂಟು. ನ್ಯೂರೋಫೈಬ್ರೊಮಟೋಸಿಸ್ ಎಂದು ಅದರ ಹೆಸರು. ಸುಮಾರು 3000 ಶಿಶುಗಳಲ್ಲಿ ಒಂದಕ್ಕೆ ಇದು ಹುಟ್ಟಿನಿಂದಲೇ ಇರುತ್ತದೆ. ಎಳೆಯ ಮಗುವಿನ ಮೈಮೇಲೆ ಅರ್ಧ ಸೆಂಟಿಮೀಟರಿಗಿಂತ ಅಗಲವಾದ ಇಂಥ ಮಚ್ಚೆಗಳು ಆರು ಅಥವಾ ಹೆಚ್ಚು ಕಂಡರೆ, ಅದು ಶಕುನ ಕೇಳಬೇಕಾದ ಸಂಗತಿಯಲ್ಲ, ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕಾದ ಸಂಗತಿ. ಇಂಥ ಮಕ್ಕಳಿಗೆ ವಿಕಿರಣ ಕೊಡಲೂ ವೈದ್ಯರು ಹಿಂಜರಿಯುತ್ತಾರೆ. ಮಿದುಳಿನ ರಕ್ತನಾಳಗಳು ಕೆಡಬಹುದು, ಮುಂದೆ ಬೇರೊಂದು ಗಂಟು ಹುಟ್ಟಬಹುದು. ತಾಯಿ ತಂದೆಯರಿಂದ ಬಂದದ್ದೆ ಎಂದು ಅತ್ತೆ ಸೊಸೆಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡದ್ದೂ ಆಯಿತು. ಅರ್ಧದಷ್ಟು ಮಕ್ಕಳಲ್ಲಿ ಮನೆತನದಲ್ಲಿ ಯಾರಿಗೂ ಇಲ್ಲದೆ ಹೊಸದಾಗಿಯೇ ತಲೆದೋರುತ್ತದೆಂದು ವೈದ್ಯರು ಹೇಳದಿದ್ದರೆ ಆ ನೋಟ ಎಲ್ಲಿಗೆ ಮುಟ್ಟುತ್ತಿತ್ತೋ!

ಮೂರು ತಿಂಗಳ ಬಳಿಕ ಮಗು ಚಿತ್ರಗಳ ಹಲಗೆಯಲ್ಲಿ ಹಿಂದಿನಷ್ಟೇ ಗುರುತಿಸಿತು. ಆರನೆಯ ತಿಂಗಳಿಗೆ ಎರಡು ಸಾಲು ಕಡಿಮೆಯಾಯಿತು. "ಇನ್ನು ಕಾಯುವುದು ಬೇಡ" ಎಂದವರು ಅದೇ ವೈದ್ಯರು. ಕಾರ್ಬೊಪ್ಲಾಟಿನ್, ವಿನ್‌ಕ್ರಿಸ್ಟೀನ್ ಎಂಬೆರಡು ಔಷಧಗಳು ರಕ್ತನಾಳದ ಮೂಲಕ ಆರಂಭವಾದವು. ಒಂದು ವರ್ಷಕ್ಕೂ ಮೀರಿದ ಕ್ರಮವದು. ವಾಂತಿ, ಜ್ವರ, ರಕ್ತಪರೀಕ್ಷೆ. ತಂದೆಯ ರಜೆಗಳೆಲ್ಲ ಕರಗಿದವು.

ವಿನ್‌ಕ್ರಿಸ್ಟೀನನ್ನು ಮೊದಲು ಪಡೆದದ್ದು ಸದಾಪುಷ್ಪದ ಗಿಡದಿಂದ ಎಂದು ಕೇಳಿದಾಗ ಅಜ್ಜಿ ಬೆರಗಾದರು. ಆ ಹೂವನ್ನು ಹಿತ್ತಲಿನಿಂದ ಬಿಡಿಸಿ ದಿನವೂ ದೇವರಿಗೆ ಏರಿಸುತ್ತಿದ್ದವರು ಅವರು. ಎಲೆ ಅರೆದು ಕಷಾಯ ಕುಡಿಸೋಣವೆ ಎಂದು ನೆರೆಮನೆಯಾಕೆ ಕೇಳಿದ್ದುಂಟು. ಅದು ವಿಷವೆಂದು, ಅಳತೆ ತಪ್ಪಿದರೆ ಔಷಧವೇ ಕೊಲ್ಲುವುದೆಂದು ಸೊಸೆ ಖಂಡಿತವಾಗಿ ತಡೆದಳು.

ಗಂಟು ಮಾಯವಾಗಲಿಲ್ಲ. ಬೆಳೆಯುವುದು ನಿಂತಿತು. ಹೋದ ಎರಡು ಸಾಲುಗಳಲ್ಲಿ ಒಂದು ಮರಳಿತು, ಇನ್ನೊಂದು ಬರಲಿಲ್ಲ. ಹುಡುಗಿ ಈಗ ಒಂದನೆಯ ತರಗತಿಯಲ್ಲಿದ್ದಾಳೆ. ಕರಿಹಲಗೆಗೆ ಹತ್ತಿರ, ಎಡಭಾಗದ ಮೊದಲ ಬೆಂಚು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಮುಂದಿನ ಪರೀಕ್ಷೆಯ ದಿನಕ್ಕೆ ತಂದೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದಾರೆ.